ಕೃತಜ್ಞತೆಯೇ ರಾಗವಾದಾಗ

ಪರಸ್ಥಳದಲ್ಲಿ ಮನೆ ಹೂಡಿದ ನಮ್ಮಂಥವರಿಗೆ ಮೊದಲು ಬೇಕಾಗುವ ಮಾತುಗಳು ಎರಡೇ: ‘ಎಷ್ಟು?’ ಎಂಬುದೊಂದು, ‘ಉಪಕಾರವಾಯಿತು’ ಎಂಬುದೊಂದು. ಮೊದಲನೆಯದನ್ನು ಪೇಟೆಯೇ ಕಲಿಸುತ್ತದೆ. ಎರಡನೆಯದನ್ನು ನಾವಾಗಿಯೇ ಕಲಿಯಬೇಕು. ಆ ಎರಡನೆಯ ಮಾತನ್ನು ಸಂಗೀತವಾಗಿಸಿದವರೊಬ್ಬರ ಕಥೆಯನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಅಮೆರಿಕದ ಡೇವ್ ಬ್ರೂಬೆಕ್ (1920–2012) ಜಾಝ್ ಸಂಗೀತದ ಹೆಸರಾಂತ ಪಿಯಾನೋ ವಾದಕರು. 1958ರಲ್ಲಿ ತಮ್ಮ ಸರಕಾರದ ಪರವಾಗಿ, ನಾಲ್ವರ ಮೇಳದೊಡನೆ ಪೋಲೆಂಡ್, ತುರ್ಕಿ, ಆಫ್ಘಾನಿಸ್ತಾನ, ಭಾರತ ಮೊದಲಾದ ದೇಶಗಳನ್ನು ಸುತ್ತಿದರು. ಮುಂಬಯಿಯಲ್ಲಿ ಸಿತಾರ್ ವಾದಕ ಅಬ್ದುಲ್ ಹಲೀಂ ಜಾಫರ್ ಖಾನರ ಜೊತೆ ಕೂತು ನುಡಿಸಿದರು. ಊರಿಗೆ ಮರಳಿದ ಮೇಲೆ ಅದೇ ವರ್ಷ ಹೊರತಂದ ಗ್ರಾಮಾಫೋನ್ ತಟ್ಟೆಯೇ ‘ಜಾಝ್ ಇಂಪ್ರೆಶನ್ಸ್ ಆಫ್ ಯುರೇಷಿಯಾ’.

ಇದರಲ್ಲಿರುವುದು ಆರು ಕೃತಿಗಳು, ಆರೂ ಬ್ರೂಬೆಕ್ಕರವೇ. ಆಫ್ಘನ್ ಅಲೆಮಾರಿಗಳ ನೆನಪಿಗೆ ಒಂದು, ಬರ್ಲಿನ್ನಿನ ಹೆಬ್ಬಾಗಿಲಿಗೆ ಒಂದು, ಲಂಡನ್ನಿನ ಕಮಾನಿಗೆ ಒಂದು. ‘ಕಲ್ಕತ್ತಾ ಬ್ಲೂಸ್’ ನಮ್ಮ ದೇಶದ ಕಾಣಿಕೆ. ಅದರಲ್ಲಿ ಡ್ರಮ್ ವಾದಕ ಜೋ ಮೊರೆಲ್ಲೊ ಕೋಲುಗಳನ್ನು ಬದಿಗಿಟ್ಟು, ತಬಲದಂತೆ ಕೈಯಿಂದಲೇ ಬಾರಿಸುತ್ತಾರೆ.

ಉಳಿದೆರಡು ಕೃತಿಗಳು ಹುಟ್ಟಿದ್ದು ಧನ್ಯವಾದದಿಂದ. ತುರ್ಕರು ಉಪಕಾರ ಸ್ಮರಿಸುವಾಗ ‘ಚೋಕ್ ತೆಶೆಕ್ಕುರ್ ಎದೆರಿಮ್’ ಎನ್ನುತ್ತಾರೆ. ಆ ನುಡಿಯ ಲಯವನ್ನೇ ಹಿಡಿದು ‘ದಿ ಗೋಲ್ಡನ್ ಹಾರ್ನ್’ ರಚಿಸಿದರು. ಪೋಲೆಂಡಿನಲ್ಲಿ ‘ಜೆಂಕುಯೆ’ ಎಂದರೂ ಅದೇ ಅರ್ಥ. ಆ ಹೆಸರಿನ ಕೃತಿಯನ್ನು, ಪೋಲಿಷರ ಹೆಮ್ಮೆಯ ಶೋಪ್ಯಾನರ ಧಾಟಿಯನ್ನು ನೆನೆದು ಅಲ್ಲಿಯೇ ಕಟ್ಟಿ, ಅಲ್ಲಿಯ ಸಭೆಯಲ್ಲಿಯೇ ನುಡಿಸಿದರು. ಮುಗಿದಾಗ ಸಭೆಯೆಲ್ಲ ಮೌನ. ಅಪಚಾರವಾಯಿತೇನೋ ಎಂದು ಬ್ರೂಬೆಕ್ ಅಂಜಿದರಂತೆ. ಮರುಕ್ಷಣವೇ ಚಪ್ಪಾಳೆಯ ಮಳೆ!

ಇಲ್ಲೊಂದು ಮಾತು ಹೇಳಲೇಬೇಕು. ‘ಕಲ್ಕತ್ತಾ ಬ್ಲೂಸ್’ನಲ್ಲಿ ನಮ್ಮ ರಾಗವನ್ನು ಹುಡುಕಿ ಹೊರಟವರಿಗೆ ನಿರಾಶೆಯಾದೀತು. ಅದು ಕೊನೆಯವರೆಗೂ ಜಾಝ್ ಸಂಗೀತವೇ. ನಮಗೆ ಮೆಚ್ಚುಗೆಯಾದದ್ದೂ ಅದೇ. ಬ್ರೂಬೆಕ್ ತುರ್ಕರಂತೆಯೋ ಹಿಂದುಸ್ತಾನಿಗಳಂತೆಯೋ ವೇಷ ಹಾಕಲಿಲ್ಲ; ಕಿವಿ ತೆರೆದು ಕೇಳಿದರು, ಕೇಳಿದ್ದಕ್ಕೆ ತಮ್ಮ ನುಡಿಯಲ್ಲಿಯೇ ವಂದಿಸಿದರು.

ನೆಲೆಕೊಟ್ಟ ಊರಿನ ಉಪಕಾರವನ್ನು ಮರೆತರೆ ನಾವು ಕೃತಘ್ನರು. ಮನೆಮಾತನ್ನು ಮರೆತರೆ ಅನಾಥರು. ಎರಡನ್ನೂ ಉಳಿಸಿಕೊಳ್ಳುವುದು ಸಾಧ್ಯವೆಂದು ಈ ತಟ್ಟೆ ಹೇಳುತ್ತದೆ. ನೆರೆಯವರಿಗೆ ನಾವು ಕನ್ನಡದಲ್ಲಿ ಏನನ್ನು ಹಾಡಿ ತೋರಿಸಿದ್ದೇವೆ? ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಮ್ಮೆ ಕೇಳಿ, ಆಮೇಲೆ ಯೋಚಿಸೋಣ.