ತಿಳಿನೀರಿನೊಳಗಿನ ಬೆರಕೆ

ಕಂದಾಯದ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲೆಯ ಲೆಕ್ಕದಲ್ಲಿ ಮಾತ್ರ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಒಂಬತ್ತನೇ ತರಗತಿಯ ಮಕ್ಕಳು ಶುದ್ಧ ವಸ್ತು, ಮಿಶ್ರಣಗಳ ಪಾಠಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನೀರಿನ ಘಟಕದ ಗೋಡೆಯ ಮೇಲೇ ‘ಶುದ್ಧ ಕುಡಿಯುವ ನೀರು’ ಎಂದು ಬರೆದಿರುತ್ತದೆ.

ರಸಾಯನಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಒಂದೇ ಬಗೆಯ ಕಣಗಳಿಂದಾದದ್ದು ಮಾತ್ರ ಅದಕ್ಕೆ ಶುದ್ಧ. ಘಟಕದ ನೀರಿನಲ್ಲಿ ಅಷ್ಟೋ ಇಷ್ಟೋ ಲವಣ ಉಳಿದೇ ಇರುತ್ತದೆ. ಮಧುಗಿರಿಯ ಹೆಸರಿನಲ್ಲೇ ಕೂತಿರುವ ಜೇನಿನ ಪಾಡೂ ಅಷ್ಟೆ. ಏನೂ ಬೆರೆಸದೆ ಹುಟ್ಟಿನಿಂದ ನೇರವಾಗಿ ಹಿಂಡಿ ತಂದರೂ ಅದು ನೀರು, ಹಲವು ಸಕ್ಕರೆಗಳ ಮಿಶ್ರಣ. ಅಂಗಡಿಯವನ ‘ಅಪ್ಪಟ’ ಬೇರೆ, ಮೇಷ್ಟರ ‘ಶುದ್ಧ’ ಬೇರೆ.

ಪಾವಗಡದ ಬೋರ್ ನೀರಿಗೆ ಬಂದರೆ ಮೇಷ್ಟರೂ ತಡವರಿಸಬೇಕಾಗುತ್ತದೆ. ಗ್ರಾನೈಟ್ ಬಂಡೆಯ ಖನಿಜಗಳಿಂದ ಬಿಟ್ಟುಕೊಂಡ ಫ್ಲೋರೈಡ್ ಅದರಲ್ಲಿ ಕರಗಿರುತ್ತದೆ. ನೋಡಲು ತಿಳಿ. ಸೋಸು ಕಾಗದದಲ್ಲಿ ಏನೂ ನಿಲ್ಲದು. ಕೆಸರುನೀರಿಗೆ ಟಾರ್ಚ್ ಬಿಟ್ಟರೆ ಬೆಳಕಿನ ದಾರಿ ಕಾಣುತ್ತದೆ, ಇಲ್ಲಿ ಅದೂ ಇಲ್ಲ. ಉಳಿದದ್ದು ಕುದಿಯುವ ಬಿಂದು: ಶುದ್ಧ ನೀರು 100 ಡಿಗ್ರಿಗೆ ಕುದಿಯಬೇಕು. ಆದರೆ ಅದು ಸಮುದ್ರಮಟ್ಟದ ಮಾತು. ಸುಮಾರು 1,200 ಮೀಟರ್ ಎತ್ತರದ ಮಧುಗಿರಿ ಬೆಟ್ಟದ ತುದಿಯಲ್ಲಿ ಎಂಥ ಶುದ್ಧ ನೀರೂ 96ರ ಆಸುಪಾಸಿನಲ್ಲೇ ಕುದಿಯುತ್ತದೆ! ಇನ್ನು, ಕುದಿಯುವ ಬಿಂದುವನ್ನು ಒಂದು ಡಿಗ್ರಿ ಏರಿಸಲು ಲೀಟರಿಗೆ 58 ಗ್ರಾಂ ಅಡುಗೆ ಉಪ್ಪು ಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್‌ಗೆ ಭಾರತೀಯ ಮಾನಕ ಹಾಕಿದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5. ಇದರ ಎರಡರಷ್ಟಿದ್ದರೂ ಶಾಲೆಯ ಥರ್ಮಾಮೀಟರ್ ಮಿಸುಕುವುದಿಲ್ಲ.

ಹಲ್ಲು ಮಾತ್ರ ಹೇಳುತ್ತದೆ. ಎಳವೆಯಿಂದ ಇಂಥ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ; ಫ್ಲೋರೈಡ್ ಹೆಚ್ಚಾಗಿ, ವರ್ಷಗಟ್ಟಲೆ ಮುಂದುವರಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ಕುದಿಸಿದರೆ ಹೋದೀತೆಂಬ ನಂಬಿಕೆ ತಲೆಕೆಳಗು: ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ.

ಇದನ್ನು ಹಿಡಿಯುವುದು ಬಣ್ಣ. ಜಿರ್ಕೋನಿಯಂ ಮತ್ತು ಅಲಿಜರಿನ್ ಸೇರಿದ ಕೆಂಪು ದ್ರಾವಣಕ್ಕೆ ಫ್ಲೋರೈಡ್ ಇರುವ ನೀರು ಬಿದ್ದರೆ, ಜಿರ್ಕೋನಿಯಂ ಬಣ್ಣದ ಕೈಬಿಟ್ಟು ಫ್ಲೋರೈಡ್ ಹಿಡಿಯುತ್ತದೆ. ಕೆಂಪು ಹಳದಿಯತ್ತ ತಿರುಗುತ್ತದೆ. ಪ್ರಯೋಗಾಲಯವೇ ಬೇಕಿಲ್ಲ, ಊರಲ್ಲೇ ನೋಡಬಹುದಾದ ಕಿಟ್‌ಗಳಿವೆ.

ಆರ್‌ಒ ಘಟಕದ ಪೊರೆ ಫ್ಲೋರೈಡನ್ನು ಬಹುಪಾಲು ತಡೆಯುತ್ತದೆ, ನಾಶ ಮಾಡುವುದಿಲ್ಲ. ಒಂದು ನಲ್ಲಿಯಲ್ಲಿ ಕ್ಯಾನ್ ತುಂಬುತ್ತಿರುವಾಗ ಹಿಂದಿನ ಪೈಪಿನಿಂದ ಇನ್ನೊಂದು ನೀರು ಹೊರಬೀಳುತ್ತಿರುತ್ತದೆ, ಮೊದಲಿಗಿಂತ ಹೆಚ್ಚು ಫ್ಲೋರೈಡ್ ಹೊತ್ತು. ಅದು ಎಲ್ಲಿಗೆ ಹರಿಯುತ್ತದೆ ಎಂದು ಪೈಪಿನ ಜಾಡು ಹಿಡಿದು ಹೋಗಿ ನೋಡುವುದೂ ಆ ಪಾಠದ ಪ್ರಯೋಗವೇ.