ಗಣಕಯಂತ್ರಕ್ಕೆ ತಕ್ಕ ನೆನಪು

ಮಂಡ್ಯದಲ್ಲಿ ಮದುವೆಯ ಕರೆಯೋಲೆ ಅಚ್ಚು ಮಾಡುವ ಅಂಗಡಿ, ಮದ್ದೂರಿನಲ್ಲಿ ಬೆಲ್ಲದ ವ್ಯಾಪಾರಿಯ ಲೆಕ್ಕ, ಮಳವಳ್ಳಿಯಲ್ಲಿ ವಿದ್ಯಾರ್ಥಿಗಳ ಅರ್ಜಿ ತುಂಬಿಕೊಡುವ ಕೇಂದ್ರ, ಇವೆಲ್ಲ ಇಂದು ಮೇಜಿನ ಮೇಲಣ ಗಣಕಯಂತ್ರದಿಂದಲೇ ನಡೆಯತಕ್ಕವು. ಮನೆಗಳಲ್ಲಿಯೂ ಮಕ್ಕಳ ಓದಿಗೆಂದು ಕೊಂಡ ಯಂತ್ರ ಒಂದಾದರೂ ಉಂಟು. ಐದಾರು ವರ್ಷ ಕಳೆಯುವ ಹೊತ್ತಿಗೆ ಅದು ಮಂದವಾಗುತ್ತದೆ. "ರ್‍ಯಾಮ್ ಹಾಕಿಸಿ, ಸರಿಹೋಗುತ್ತದೆ" ಎನ್ನುವವರು ಕೆಲವರು. "ಹಳತಾಯಿತು, ಹೊಸದನ್ನೇ ಕೊಳ್ಳಿ" ಎನ್ನುವವರು ಮತ್ತೆ ಕೆಲವರು. ಎರಡು ಮಾತಿಗೂ ಹಣ ಬೇಕು. ಯಾವುದು ನಮ್ಮ ಯಂತ್ರಕ್ಕೆ ಹೊಂದುವ ಮಾತು ಎಂಬುದನ್ನು ಕೊಳ್ಳುವ ಮೊದಲು ನಾವೇ ತಿಳಿಯಬಹುದು. ಅದು ಕಷ್ಟದ ವಿದ್ಯೆಯೇನೂ ಅಲ್ಲ.

ರ್‍ಯಾಮ್ ಎಂದರೆ ಯಂತ್ರದ ತಾತ್ಕಾಲಿಕ ನೆನಪು. ಆಲೆಮನೆಯನ್ನು ಕಾಣದವರು ನಮ್ಮ ಜಿಲ್ಲೆಯಲ್ಲಿ ವಿರಳವಾದ್ದರಿಂದ ಆ ಹೋಲಿಕೆಯನ್ನೇ ಹೇಳುತ್ತೇನೆ. ಗಾಣವೇ ಪ್ರೊಸೆಸರ್. ದೂರದ ಹೊಲದಲ್ಲಿರುವ ಕಬ್ಬು, ಡಿಸ್ಕಿನಲ್ಲಿ ಉಳಿಸಿಟ್ಟ ಕಡತಗಳು. ಗಾಣದ ಮಗ್ಗುಲಲ್ಲಿ ಕಬ್ಬನ್ನು ರಾಶಿ ಹಾಕುವ ಜಾಗವೇ ರ್‍ಯಾಮ್. ಈ ಜಾಗ ಕಿರಿದಾದರೆ, ಗಾಣ ಎಷ್ಟೇ ಗಟ್ಟಿಯಾಗಿದ್ದರೂ ಹೊಲದಿಂದ ಕಬ್ಬು ಬರುವ ತನಕ ಸುಮ್ಮನೆ ನಿಲ್ಲಬೇಕು. ಹಾಗೆಂದು ಜಾಗವನ್ನು ಬೇಕಾದ್ದಕ್ಕಿಂತ ಹತ್ತು ಪಾಲು ಹೆಚ್ಚಿಸಿದರೆ ಗಾಣದ ಓಟವೇನೂ ಹೆಚ್ಚುವುದಿಲ್ಲ. ರ್‍ಯಾಮ್ ವಿಚಾರದ ಸಾರವೆಲ್ಲ ಇಷ್ಟೇ: ಕಡಿಮೆಯಾದರೆ ತೊಂದರೆ, ಅತಿಯಾದರೆ ದಂಡ.

ಮೊದಲು ಕೊರತೆ ಇದೆಯೇ ಎಂದು ನೋಡಿರಿ. ನೀವು ದಿನವೂ ಮಾಡುವ ಕೆಲಸವನ್ನೆಲ್ಲ ತೆರೆದಿಟ್ಟುಕೊಂಡು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಮೆಮೊರಿಯ ಲೆಕ್ಕ ಶೇಕಡಾ 85, 90ರಲ್ಲೇ ನಿಂತಿದ್ದರೆ ರ್‍ಯಾಮ್ ಸಾಲದು ಎಂದರ್ಥ. ಮೆಮೊರಿಯಲ್ಲಿ ಅರ್ಧ ಭಾಗ ಬರಿದಾಗಿದ್ದು, ಡಿಸ್ಕಿನ ಲೆಕ್ಕ ಮಾತ್ರ 100ಕ್ಕೆ ಏರಿದ್ದರೆ ದೋಷ ಇರುವುದು ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಆಗ ಎಸ್‌ಎಸ್‌ಡಿ ಹಾಕಿಸಬೇಕೇ ಹೊರತು ರ್‍ಯಾಮ್ ಅಲ್ಲ. ಹಲ್ಲುನೋವಿಗೆ ಕಿವಿಗೆ ಎಣ್ಣೆ ಬಿಟ್ಟು ಫಲವಿಲ್ಲ. ರ್‍ಯಾಮ್ ತುಂಬಿದಾಗ ಯಂತ್ರವು ಡಿಸ್ಕಿನ ಒಂದು ಭಾಗವನ್ನೇ ನೆನಪಿನಂತೆ ಬಳಸುವುದರಿಂದ ಡಿಸ್ಕೂ ದಣಿಯುತ್ತದೆ. ಆದ್ದರಿಂದ ಎರಡು ಲೆಕ್ಕವನ್ನೂ ಒಟ್ಟಿಗೇ ನೋಡತಕ್ಕದ್ದು.

ಕೊರತೆ ಇದೆ ಎಂದು ತಿಳಿದ ಮೇಲೆ ಜಾತಿಯ ಪ್ರಶ್ನೆ. ಇಂದು ಬಳಕೆಯಲ್ಲಿರುವ ಪಟ್ಟಿಗಳು ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂದು ಮೂರು ಬಗೆ. ಡಿಡಿಆರ್3 ಪಟ್ಟಿಗೆ 240 ಕಾಲುಗಳು, ಉಳಿದೆರಡಕ್ಕೆ 288. ಬೇಕಾದ ವಿದ್ಯುತ್ತಿನ ಪ್ರಮಾಣವೂ ಬೇರೆ: ಕ್ರಮವಾಗಿ 1.5, 1.2 ಮತ್ತು 1.1 ವೋಲ್ಟ್. ಒಂದರ ಜಾಗದಲ್ಲಿ ಮತ್ತೊಂದು ಕೂರದಂತೆ ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿರುತ್ತಾರೆ. ಯಾವುದು ಬೇಕೆಂಬುದನ್ನು ನಿರ್ಧರಿಸುವುದು ಮದರ್‌ಬೋರ್ಡು. ನಮ್ಮ ಇಷ್ಟವೂ ಅಲ್ಲ, ಅಂಗಡಿಯವರ ಸಲಹೆಯೂ ಅಲ್ಲ. ಇಂಟೆಲ್ ಪ್ರೊಸೆಸರುಗಳ ಪೈಕಿ 2ರಿಂದ 4ನೆಯ ತಲೆಮಾರಿನವಕ್ಕೆ ಡಿಡಿಆರ್3. 6ರಿಂದ 11ನೆಯ ತಲೆಮಾರಿನವಕ್ಕೆ ಸಾಮಾನ್ಯವಾಗಿ ಡಿಡಿಆರ್4. 12ರಿಂದ 14ನೆಯವಕ್ಕೆ ಬೋರ್ಡಿಗೆ ತಕ್ಕಂತೆ ಡಿಡಿಆರ್4 ಅಥವಾ ಡಿಡಿಆರ್5. ಎಎಂಡಿ ಯಂತ್ರವಾದರೆ ಎಎಂ4 ಬೋರ್ಡಿಗೆ ಡಿಡಿಆರ್4, ಎಎಂ5 ಬೋರ್ಡಿಗೆ ಡಿಡಿಆರ್5. ಸಂದೇಹವಿದ್ದರೆ ಪುಕ್ಕಟೆಯಾಗಿ ದೊರೆಯುವ ಸಿಪಿಯು-ಝಡ್ ಎಂಬ ತಂತ್ರಾಂಶವು ಬೋರ್ಡಿನ ಹೆಸರನ್ನೂ ಈಗಿರುವ ರ್‍ಯಾಮಿನ ಜಾತಿಯನ್ನೂ ತೋರಿಸುತ್ತದೆ.

ಇನ್ನು ಎಷ್ಟು ಬೇಕು? ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಹೇಳಿದ್ದರೂ ಅಷ್ಟರಲ್ಲಿ ಉಸಿರಾಡುವುದೇ ಕಷ್ಟ. ನುಡಿ ಅಥವಾ ಬರಹದಲ್ಲಿ ಕನ್ನಡ ಪತ್ರ ಬರೆಯುವುದು, ಅಂಗಡಿಯ ಲೆಕ್ಕ, ಅಂತರಜಾಲದಲ್ಲಿ ಅರ್ಜಿ, ಇಷ್ಟಕ್ಕೆ 8 ಜಿಬಿ ಧಾರಾಳ. ಮದುವೆಯ ಆಲ್ಬಮ್ ಜೋಡಿಸುವ ಫೋಟೋ ಸ್ಟುಡಿಯೋಗೂ, ಮಂಡ್ಯದ ಪಿ.ಇ.ಎಸ್. ಕಾಲೇಜಿನಂಥ ಕಡೆ ಇಂಜಿನಿಯರಿಂಗ್ ಓದುತ್ತ ಮನೆಯಲ್ಲಿ ನಕ್ಷೆ ಬರೆಯುವ ವಿದ್ಯಾರ್ಥಿಗೂ 16 ಜಿಬಿ ಒಳ್ಳೆಯದು. ದೊಡ್ಡ ವೀಡಿಯೋಗಳನ್ನು ಕತ್ತರಿಸಿ ಜೋಡಿಸುವವರಿಗೆ 32 ಬೇಕಾಗಬಹುದು. ಇಲ್ಲಿ ಎರಡು ಮಿತಿಗಳುಂಟು. ಹಳೆಯ ಎಚ್61 ಮಾದರಿಯ ಬೋರ್ಡುಗಳು 16 ಜಿಬಿಗಿಂತ ಹೆಚ್ಚನ್ನು ಒಪ್ಪವು. ಯಂತ್ರದಲ್ಲಿರುವುದು 32 ಬಿಟ್ ವಿಂಡೋಸ್ ಆಗಿದ್ದರೆ ಎಷ್ಟು ಹಾಕಿದರೂ ಅದು 4 ಜಿಬಿಯನ್ನು ಮೀರಿ ಬಳಸಲಾರದು. ಮೊದಲು 64 ಬಿಟ್ಟಿಗೆ ಬದಲಾಯಿಸಬೇಕು.

8 ಜಿಬಿಯ ಒಂದೇ ಪಟ್ಟಿಗಿಂತ 4 ಜಿಬಿಯ ಒಂದೇ ತರದ ಎರಡು ಪಟ್ಟಿಗಳು ಚುರುಕು. ಗಾಣಕ್ಕೆ ಒಬ್ಬರ ಬದಲು ಇಬ್ಬರು ಕಬ್ಬು ಎತ್ತಿಕೊಟ್ಟಂತೆ, ಮಾಹಿತಿ ಎರಡು ದಾರಿಯಲ್ಲಿ ಹರಿಯುತ್ತದೆ. ಆದರೆ ಬೋರ್ಡಿನಲ್ಲಿ ಎರಡೇ ಸ್ಲಾಟ್ ಇದ್ದು ಮುಂದೆ ಹೆಚ್ಚಿಸುವ ಯೋಚನೆ ಇದ್ದರೆ, ಈಗ 8ರ ಒಂದನ್ನು ಹಾಕಿ ಮತ್ತೊಂದು ಜಾಗವನ್ನು ಉಳಿಸುವುದು ಜಾಣತನ. ವೇಗದ ಅಂಕಿಗೆ ಮರುಳಾಗಬೇಡಿರಿ. 2666ರ ಹಳೆಯ ಪಟ್ಟಿಯ ಜೊತೆ 3200ರ ಹೊಸದನ್ನು ಹಾಕಿದರೆ ಎರಡೂ 2666ರಲ್ಲೇ ಓಡುತ್ತವೆ; ಬೋರ್ಡು ಮತ್ತು ಪ್ರೊಸೆಸರ್ ಒಪ್ಪುವ ವೇಗಕ್ಕಿಂತ ಹೆಚ್ಚಿನದಕ್ಕೆ ಕೊಟ್ಟ ಹಣ ವ್ಯರ್ಥ.

ನಮ್ಮ ಕಡೆಯವರು ಬಿಡಿಭಾಗ ಅಗ್ಗವೆಂದು ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗುವುದುಂಟು. ಮಳವಳ್ಳಿಯಿಂದ ಹೋದವರು ತಪ್ಪು ಪಟ್ಟಿ ತಂದರೆ ಒಂದು ದಿನದ ದುಡಿಮೆಯೂ ಬಸ್ಸಿನ ಹಣವೂ ಹೋಯಿತು. ಹೊರಡುವ ಮೊದಲು ಹಳೆಯ ಪಟ್ಟಿಯನ್ನು ಬಿಚ್ಚಿ ಜೊತೆಗೆ ಒಯ್ಯಿರಿ, ಇಲ್ಲವೇ ಅದರ ಮೇಲಿನ ಚೀಟಿಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಪಿಸಿ3-12800 ಎಂದಿದ್ದರೆ ಡಿಡಿಆರ್3, 1600ರ ವೇಗ. ಪಿಸಿ4-21300 ಎಂದಿದ್ದರೆ ಡಿಡಿಆರ್4, 2666ರ ವೇಗ. ಲ್ಯಾಪ್‌ಟಾಪಿನ ಪಟ್ಟಿ ಗಿಡ್ಡ, ಮೇಜಿನ ಯಂತ್ರಕ್ಕೆ ಕೂರದು. ಸರ್ವರಿನಿಂದ ಕಳಚಿದ 'ರಿಜಿಸ್ಟರ್ಡ್' ಪಟ್ಟಿಗಳು ಬಲು ಅಗ್ಗವಾಗಿ ಸಿಕ್ಕುತ್ತವೆ. ಅವು ಮನೆಯ ಯಂತ್ರದಲ್ಲಿ ನಡೆಯವು. ಬಿಲ್ಲನ್ನೂ ವಾರಂಟಿಯನ್ನೂ ಕೇಳಿ ಪಡೆಯಿರಿ.

ಕೂರಿಸುವಾಗ ಪ್ಲಗ್ ಕಿತ್ತು, ಯಂತ್ರದ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಕಳೆಯಿರಿ. ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಆಮೇಲೆ ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಿರಿ. ಕಚ್ಚನ್ನು ಹೊಂದಿಸಿ, ಕ್ಲಿಪ್ಪು ಟಿಕ್ಕೆನ್ನುವ ತನಕ ಸಮವಾಗಿ ಅದುಮಿರಿ. ಯಂತ್ರ ಬೀಪ್ ಎಂದು ಕೂಗಿ ಪರದೆ ಬೆಳಗದಿದ್ದರೆ ಗಾಬರಿ ಬೇಡ. ಬಹುಮಟ್ಟಿಗೆ ಪಟ್ಟಿ ಸರಿಯಾಗಿ ಕೂತಿರುವುದಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ 8ನೆಯ ತಲೆಮಾರಿಗಿಂತ ಹಿಂದಿನ ಯಂತ್ರಗಳು ಸಾಮಾನ್ಯವಾಗಿ ವಿಂಡೋಸ್ 11ಕ್ಕೆ ಅರ್ಹವಲ್ಲ. ರ್‍ಯಾಮ್ ಹೆಚ್ಚಿಸಿದ ಮಾತ್ರಕ್ಕೆ ಆ ಅಡ್ಡಿ ನೀಗದು. ಅಂಥ ಯಂತ್ರವನ್ನು ಲಿನಕ್ಸ್ ಹಾಕಿ ಮಕ್ಕಳ ಓದಿಗೆ ಬಳಸುವುದಾದರೆ ಹಳೆಯ ಡಿಡಿಆರ್3 ಪಟ್ಟಿಯೊಂದು ಸಾಕು. ಬ್ಯಾಂಕಿನ ವ್ಯವಹಾರವೇ ಅದರಲ್ಲಿ ನಡೆಯಬೇಕಾದರೆ ಖರ್ಚಿಗೆ ಮೊದಲು ಎರಡು ಬಾರಿ ಯೋಚಿಸಿರಿ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ್‍ಯಾಮಿನ ಬೆಲೆ ಬಹಳವಾಗಿ ಏರಿತು. ಆದಕಾರಣ ಬೋರ್ಡಿನ ಹೆಸರು, ರ್‍ಯಾಮಿನ ಜಾತಿ, ಖಾಲಿ ಸ್ಲಾಟುಗಳ ಸಂಖ್ಯೆ, ಬೇಕಾದ ಜಿಬಿ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿರಿ. ಚೀಟಿಯಲ್ಲಿ ಇಲ್ಲದ್ದನ್ನು ಯಾರು ಹೊಗಳಿದರೂ ಕೊಳ್ಳಬೇಡಿರಿ.