ಗಾಡಿ ಗಾಜಿನ ಹಳೆ ಫಿಲ್ಮ್: ತೆಗೆಯುವ ಬಗೆ

ಕ್ಯಾಟರಿಂಗ್ ಕೆಲಸಕ್ಕೆಂದು ನಮ್ಮಲ್ಲಿ ಅನೇಕರು ಸೆಕೆಂಡ್ ಹ್ಯಾಂಡ್ ವ್ಯಾನ್ ಕೊಳ್ಳುತ್ತೇವೆ. ಇಂಜಿನ್, ಟಯರು, ಕಾಗದಪತ್ರ ನೋಡುತ್ತೇವೆ. ಗಾಜಿನ ಫಿಲ್ಮ್ ನೋಡುವುದಿಲ್ಲ. ನಾವು ಕೊಂಡ ವ್ಯಾನಿನಲ್ಲಿ ಅದು ಬಿಸಿಲಿಗೆ ನೇರಳೆ ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿತ್ತು. ಒಂದು ರಾತ್ರಿ ಮದುವೆ ಊಟ ಮುಗಿಸಿ ಪಾತ್ರೆ ತುಂಬಿಕೊಂಡು ರಿವರ್ಸ್ ತೆಗೆಯುವಾಗ, ಹಿಂದೆ ನಿಂತಿದ್ದ ನಮ್ಮ ಹುಡುಗನೇ ಡ್ರೈವರನಿಗೆ ಕಾಣಲಿಲ್ಲ. ಪುಣ್ಯಕ್ಕೆ ಅವನು ಪಕ್ಕಕ್ಕೆ ಹಾರಿಕೊಂಡ.

ಕಾನೂನೂ ಇದೆ. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70, ಪಕ್ಕದ ಗಾಜು ಕನಿಷ್ಠ ಶೇ. 50 ಬೆಳಕು ಬಿಡಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಆ ಬಳಿಕ ನಿಯಮಗಳಿಗೆ ತಿದ್ದುಪಡಿ ಬಂದರೂ ಬೆಳಕಿನ ಈ ಮಿತಿ ಬದಲಾಗಿಲ್ಲ.

ನಾವು ಮೊದಲು ಮಾಡಿದ್ದು ತಪ್ಪು. ಒಣ ಗಾಜಿನ ಮೇಲೆ ಬ್ಲೇಡು ಹಾಕಿ ಕೆರೆದೆವು. ಫಿಲ್ಮ್ ಚೂರು ಚೂರಾಗಿ ಬಂತು, ಗೋಂದು ಅಲ್ಲೇ ಉಳಿಯಿತು, ಗಾಜಿಗೆ ಗೀರು ಬಿತ್ತು. ಫಿಲ್ಮ್ ಎಂದರೆ ಪ್ಲಾಸ್ಟಿಕ್ ಹಾಳೆ ಮತ್ತು ಅದರ ಹಿಂದಿನ ಗೋಂದು. ಗೋಂದು ಮೆತ್ತಗಾದರೆ ಮಾತ್ರ ಎರಡೂ ಒಟ್ಟಿಗೆ ಬರುತ್ತವೆ. ಅದಕ್ಕೆ ಬೇಕಾದದ್ದು ಹದವಾದ ಬಿಸಿ.

ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಒಂದು ಮೂಲೆಗೆ ಹೇರ್ ಡ್ರೈಯರ್ ಹಿಡಿಯಿರಿ. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಅಂಚನ್ನು ಉಗುರಿನಿಂದ ಎಬ್ಬಿಸಿ ನಿಧಾನವಾಗಿ ಎಳೆಯಿರಿ. ಗೋಂದು ಗಾಜಿನಲ್ಲೇ ಉಳಿಯುತ್ತಿದ್ದರೆ ನಿಲ್ಲಿಸಿ ಮತ್ತೆ ಬಿಸಿ ಕೊಡಿ. ಬೇಗ ಆಗಲೆಂದು ಕುದಿಯುವ ನೀರು ಸುರಿಯಬೇಡಿ, ಗಾಜು ಸೀಳೀತು.

ಉಳಿದ ಗೋಂದಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬೆಚ್ಚನೆಯ ನೀರು ಸಿಂಪಡಿಸಿ, ಹತ್ತು ನಿಮಿಷ ನೆನೆಯಲು ಬಿಡಿ. ನಂತರ ಹಳೆಯ ಎಟಿಎಂ ಕಾರ್ಡಿನಿಂದ ಕೆರೆಯಿರಿ. ನೀರು ಬಾಗಿಲಿನೊಳಗೆ ಇಳಿಯದಂತೆ ಗಾಜಿನ ಬುಡಕ್ಕೆ ಟವೆಲ್ ಒತ್ತಿಡಿ. ಕೊನೆಯ ಅಂಟಿಗೆ ಬಟ್ಟೆಯಲ್ಲಿ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಹಿಂದಿನ ಗಾಜಿನಲ್ಲಿ ಮಂಜು ತೆಗೆಯುವ ಸಣ್ಣ ಗೆರೆಗಳಿದ್ದರೆ ಬ್ಲೇಡು ಮುಟ್ಟಿಸಲೇಬೇಡಿ. ಗೆರೆ ತುಂಡಾದರೆ ಆ ಗೆರೆ ಕೆಲಸ ಮಾಡುವುದಿಲ್ಲ.

ಕೆಲವರು ಅಮೋನಿಯಾ ಹಾಕಿ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಮುಚ್ಚಿದ ಗಾಡಿಯೊಳಗೆ ಆ ಹೊಗೆ ಕಣ್ಣು, ಗಂಟಲು ಸುಡುತ್ತದೆ. ಅದರಲ್ಲೂ ನಮ್ಮ ಅಡಿಗೆಮನೆಗಳಲ್ಲಿ ಬ್ಲೀಚಿಂಗ್ ಪೌಡರ್ ಸದಾ ಇರುತ್ತದೆ. ಇವೆರಡೂ ಸೇರಿದರೆ ವಿಷಗಾಳಿ ಹುಟ್ಟುತ್ತದೆ. ಹುಡುಗರಿಗೆ ಇದನ್ನು ಮೊದಲೇ ಹೇಳಿಡಿ.

ಇನ್ನೊಂದು ಮಾತು. ಫಿಲ್ಮ್ ಇರುವುದು ಗಾಜಿನ ಒಳಬದಿಗೆ, ಅಂದರೆ ಊಟ ಸಾಗಿಸುವ ಜಾಗದಲ್ಲೇ. ಬ್ಲೇಡು ಬಳಸಿದ್ದರೆ ಎಣಿಸಿ ಹೊರಗೆ ತೆಗೆಯಿರಿ, ನೆಲವನ್ನು ಪೂರ್ತಿ ಗುಡಿಸಿ ತೊಳೆಯಿರಿ, ಒಂದು ದಿನ ಬಾಗಿಲು ತೆರೆದಿಡಿ. ಥಿನ್ನರ್, ಪೆಟ್ರೋಲ್ ಬೇಡವೇ ಬೇಡ. ಇಡ್ಲಿಗೆ ಆ ವಾಸನೆ ಹಿಡಿದರೆ ಕೆಡುವುದು ನಮ್ಮ ಹೆಸರು.

ನಮಗೆ ಒಂದು ಮಧ್ಯಾಹ್ನ ಹಿಡಿಯಿತು. ಈಗ ಹಿಂದೆ ಯಾರು ನಿಂತಿದ್ದಾರೆಂದು ಡ್ರೈವರನಿಗೆ ಕಾಣುತ್ತದೆ.